ಪಣಜಿಯಲ್ಲಿ ರೂಮ್: ಕ್ಯಾಸಿನೊ ಪ್ಯಾಕೇಜಾ, ಹಳೇ ಬೀದಿಯ ಮನೆಯಾ, ಹೊಳೆಯಾಚೆ ಲಾಡ್ಜಾ?

ತುಮಕೂರಿನಿಂದ ಗೋವಾಗೆ ಹೋಗುವುದು ಅಂಥ ದುಬಾರಿ ಅಲ್ಲ. ವಾಸ್ಕೊ ರೈಲು ಹತ್ತಿ ಮಲಗಿದರೆ ಮಡಗಾಂವ್, ಅಲ್ಲಿಂದ ಕದಂಬ ಬಸ್ಸಿನಲ್ಲಿ ಪಣಜಿ. ದುಡ್ಡು ಕರಗುವುದು ರೂಮ್ ಹಿಡಿಯುವಾಗ. ಮಾಂಡೋವಿ ಹೊಳೆಯ ಮೇಲೆ ನಿಂತ ಕ್ಯಾಸಿನೊ ಹಡಗಿಗೆ ಹೋಗಲೇಬೇಕು ಅನ್ನುವವರು ಮನೆಯಲ್ಲಿ ಒಬ್ಬರಿದ್ದರಂತೂ ಖರ್ಚು ಇನ್ನೂ ಏರುತ್ತದೆ. ನಮ್ಮಲ್ಲಿ ಅದು ನಮ್ಮ ಭಾವ. ಅವರ ಜೊತೆ ಹೋಗಿ ಮೂರು ಥರದ ರೂಮಿನಲ್ಲೂ ಇದ್ದು ನೋಡಿದ್ದೇವೆ. ಮನೆಮಂದಿಯೆಲ್ಲ ಸೇರಿ ಹೋಗುವುದಾದರೆ ನನ್ನ ಓಟು ಫೊಂಟೈನಸ್ ಬೀದಿಯ ಹಳೇ ಮನೆಗೆ.

ಮೊದಲು ಪ್ಯಾಕೇಜಿನ ಮಾತು. ರೂಮ್, ಹಡಗಿನ ಪ್ರವೇಶ, ಊಟ, ಕುಡಿಯುವುದು, ಆಡಲು ಒಂದಿಷ್ಟು ಚಿಪ್ಸ್ (ಆಟದ ಮೇಜಿನಲ್ಲಿ ದುಡ್ಡಿನ ಬದಲು ಇಡುವ ಬಿಲ್ಲೆ), ಎಲ್ಲಾ ಸೇರಿ ಒಂದೇ ರೇಟು. ಕೇಳಿದ ತಕ್ಷಣ ಲಾಭ ಅನಿಸುತ್ತದೆ. ರೂಮ್ ನಿಜಕ್ಕೂ ಚೆನ್ನಾಗಿತ್ತು, ಹಾಸಿಗೆ, ಎಸಿ ಯಾವುದಕ್ಕೂ ಕೊರತೆ ಇರಲಿಲ್ಲ. ಆದರೆ ಪ್ಯಾಕೇಜಿನಲ್ಲಿ ಕೊಡುವ ಆ ಚಿಪ್ಸ್ ಸಾಮಾನ್ಯವಾಗಿ ಒಂದು ಸಲ ಆಡಲು ಮಾತ್ರ. ಗೆದ್ದರೆ ಗೆದ್ದದ್ದು ಸಿಗುತ್ತದೆ, ಚಿಪ್ಸನ್ನೇ ಕೌಂಟರಿಗೆ ಕೊಟ್ಟು ದುಡ್ಡು ಮಾಡಿಕೊಳ್ಳುವಂತಿಲ್ಲ. ಇನ್ನೊಂದು, ಆಡದವರ ಹೆಸರಲ್ಲೂ ದುಡ್ಡು ಹೋಗುತ್ತದೆ. ರೂಮಿನಲ್ಲಿ ಕೂತು ಬಿಲ್ ನೋಡಿದ ಅಕ್ಕ ಸೀದಾ ಕೇಳಿದಳು: "ಅಲ್ಲಾ ರೀ, ನಾನು ಆಡೋದೂ ಇಲ್ಲ, ಕುಡಿಯೋದೂ ಇಲ್ಲ. ನನ್ನ ಹೆಸರಲ್ಲಿ ಯಾಕೆ ಕಟ್ಟಿದ್ರಿ?" ಭಾವ ಏನೂ ಹೇಳಲಿಲ್ಲ. 21 ತುಂಬದ ಮಕ್ಕಳನ್ನು ಆಟದ ಜಾಗಕ್ಕೆ ಬಿಡುವುದೂ ಇಲ್ಲ. ಹಾಗಾಗಿ ಕುಟುಂಬಕ್ಕೆ ಪ್ಯಾಕೇಜು ಹೊಂದುವುದಿಲ್ಲ. ಇಬ್ಬರು ಮೂವರು ಗೆಳೆಯರು ರಾತ್ರಿಯಿಡೀ ಹಡಗಿನಲ್ಲೇ ಇರುವುದಾದರೆ ಸರಿ.

ತೆರಿಗೆಯನ್ನೂ ನೋಡಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5. ಅದನ್ನು ದಾಟಿದರೆ ಶೇ 18. ಕ್ಯಾಸಿನೊ ಪ್ರವೇಶಕ್ಕೆ ಶೇ 40. 7,400ರ ರೂಮ್ ತೆರಿಗೆ ಸೇರಿ 7,770 ಆಗುತ್ತದೆ. 7,600ರದ್ದು 8,968. ಬೋರ್ಡಿನಲ್ಲಿ ಕಾಣುವುದು ಇನ್ನೂರು ರೂಪಾಯಿ ವ್ಯತ್ಯಾಸ, ಕೈಯಿಂದ ಹೋಗುವುದು ಹತ್ತಿರ ಹತ್ತಿರ ಸಾವಿರದ ಇನ್ನೂರು! ಶನಿವಾರ ರೇಟು ಏರಿದಾಗ ಒಳ್ಳೆಯ ರೂಮುಗಳು ಈ ಗೆರೆಯನ್ನು ಸುಲಭವಾಗಿ ದಾಟಿಬಿಡುತ್ತವೆ. ಪ್ಯಾಕೇಜೇ ಬೇಕು ಅನ್ನುವವರು ರೂಮಿಗೆ ಎಷ್ಟು, ಪ್ರವೇಶಕ್ಕೆ ಎಷ್ಟು ಅಂತ ಬೇರೆ ಬೇರೆ ಬರೆಸಿಕೊಳ್ಳಿ.

ಫೊಂಟೈನಸ್ ಅಂದರೆ ಪಣಜಿಯ ಪೋರ್ಚುಗೀಸರ ಕಾಲದ ಬಡಾವಣೆ. ಹಳದಿ, ನೀಲಿ, ಕೆಂಪು ಗೋಡೆ, ಹೆಂಚಿನ ಮಾಡು, ಇಬ್ಬರು ಎದುರುಬದುರು ಬಂದರೆ ಪಕ್ಕಕ್ಕೆ ಸರಿಯಬೇಕಾದಂಥ ಓಣಿಗಳು. ಇಲ್ಲಿನ ಎಷ್ಟೋ ಮನೆಗಳಲ್ಲಿ ರೂಮ್ ಬಾಡಿಗೆಗೆ ಕೊಡುತ್ತಾರೆ. ನಾವಿದ್ದ ಮನೆಗೆ ಮರದ ಮೆಟ್ಟಿಲು, ಎತ್ತರದ ಕಿಟಕಿ. ಕಿಟಕಿಯಲ್ಲಿ ಗಾಜಿನ ಬದಲು ಚಿಪ್ಪಿನ ತೆಳು ಬಿಲ್ಲೆಗಳನ್ನು ಕೂರಿಸಿದ್ದರು. ಬೆಳಗಿನ ಬಿಸಿಲು ಅದರಿಂದ ಸೋಸಿ ಬರುವಾಗ ರೂಮೆಲ್ಲ ಹಾಲಿನ ಬಣ್ಣ. ಅಷ್ಟರಲ್ಲಿ ಓಣಿಯಲ್ಲಿ ಸೈಕಲ್ಲಿನ ಹಾರ್ನ್, ಬಿಸಿ ಪಾವ್ ಮಾರುವವರದ್ದು. ಮೂಲೆಯ ಸಣ್ಣ ಹೋಟೆಲಿನಲ್ಲಿ ಅದೇ ಪಾವ್, ಬಟಾಣಿ ಭಾಜಿ, ಚಹಾ. ತಿಂಡಿ ಸೇರಿಸಿದ ರೂಮಿಗೆ ಜಾಸ್ತಿ ಕೊಡುವುದು ಸುಮ್ನೆ ದಂಡ ಅಂತ ಆಗಲೇ ಅನಿಸಿತ್ತು.

ಉಳಿತಾಯ ಬರೀ ಬಾಡಿಗೆಯಲ್ಲಿ ಅಲ್ಲ. ಇಲ್ಲಿಂದ ಹಡಗಿಗೆ ದೋಣಿ ಬಿಡುವ ಜೆಟ್ಟಿಗೆ ನಡೆದೇ ಹೋಗಬಹುದು. ಗೋವಾದಲ್ಲಿ ಓಲಾ, ಊಬರ್ ನಂಬಿಕೊಂಡು ಕೂರುವ ಹಾಗಿಲ್ಲ. ರಾತ್ರಿಯ ಟ್ಯಾಕ್ಸಿ ಕೇಳಿದಷ್ಟು ಕೊಡಬೇಕು. ಭಾವ ಒಬ್ಬರೇ ಹಡಗಿಗೆ ಟಿಕೆಟ್ ಮಾಡಿಸಿ, ಹೊತ್ತು ಮೀರಿದ ಮೇಲೆ ನಡೆದೇ ವಾಪಸ್ ಬಂದರು. ನಾವೆಲ್ಲ ನಿದ್ದೆಯಲ್ಲಿದ್ದೆವು. ಪ್ಯಾಕೇಜಿನ ಜೊತೆ ಹೋಲಿಸಿದರೆ ನಿಜವಾದ ಉಳಿತಾಯ ಇದೇ, ಆಡುವವರಿಗೆ ಮಾತ್ರ ಖರ್ಚು. ರೈಲಿಳಿದು ಬೇಗ ಬಂದವರು ಬ್ಯಾಗ್ ಇಟ್ಟು ಮುಖ ತೊಳೆಯಲು ಮನೆಯವರು ಬೇಡ ಅನ್ನಲಿಲ್ಲ. ದೊಡ್ಡ ಹೋಟೆಲಿನವರು ಇದಕ್ಕೇ ಅರ್ಧ ದಿನದ ಬಾಡಿಗೆ ಕೇಳಿದ್ದರು. ಆ್ಯಪಿನಲ್ಲಿ ರೇಟು ನೋಡಿ, ಆಮೇಲೆ ನೇರವಾಗಿ ಫೋನ್ ಮಾಡಿ. ಆ್ಯಪಿಗೆ ಕೊಡಬೇಕಾದ ಕಮಿಷನ್ ಉಳಿಯುವುದರಿಂದ ಸ್ವಲ್ಪ ಇಳಿಸುತ್ತಾರೆ. ಆದರೆ ಲಿಫ್ಟ್ ಇಲ್ಲ, ಬಾತ್‌ರೂಮ್ ಚಿಕ್ಕದು. ಮಂಡಿ ನೋವಿನವರಿದ್ದರೆ ಕೆಳಗಿನ ರೂಮನ್ನೇ ಕೇಳಬೇಕು.

ಯಾವ ರೂಮಾದರೂ ದಿನ ನೋಡಿ ಹೋಗಬೇಕು. ಭಾನುವಾರ ರಾತ್ರಿಯಿಂದ ಗುರುವಾರದವರೆಗೆ ಒಂದು ರೇಟು, ಶುಕ್ರವಾರದಿಂದ ಇನ್ನೊಂದು. ಮಳೆಗಾಲದಲ್ಲಿ ಚೌಕಾಸಿಗೆ ಜಾಗ ಇದೆ. ನವೆಂಬರಿನಲ್ಲಿ ಅಂತರರಾಷ್ಟ್ರೀಯ ಚಿತ್ರೋತ್ಸವ ನಡೆಯುವ ವಾರ ಪಣಜಿಯಲ್ಲಿ ರೂಮಿಗೆ ಅಲೆದಾಡಬೇಕಾಗುತ್ತದೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ದಿನಗಳನ್ನಂತೂ ಬಿಟ್ಟೇಬಿಡಿ.

ಇನ್ನು ಹೊಳೆಯಾಚೆಯ ಪರ್ವರಿ. ಮೂರರಲ್ಲಿ ಬಾಡಿಗೆ ಕಡಿಮೆ ಇದ್ದದ್ದು ಇಲ್ಲೇ, ರೂಮ್ ದೊಡ್ಡದಾಗಿಯೂ ಇತ್ತು. ಆದರೆ ಉಳಿಸಿದ್ದೆಲ್ಲ ರಾತ್ರಿಯ ಟ್ಯಾಕ್ಸಿಗೆ ಹೋಯಿತು. ಹಾಗಂತ ಕಾರಿನಲ್ಲಿ ಹೋಗುವವರಿಗೆ ಈ ಮಾತು ಅನ್ವಯಿಸಲ್ಲ. ತುಮಕೂರಿನಿಂದ ಸ್ವಂತ ಗಾಡಿ ತಂದರೆ ಫೊಂಟೈನಸ್ ಓಣಿಗಳಲ್ಲಿ ಅದನ್ನು ನಿಲ್ಲಿಸುವುದೇ ಕಷ್ಟ, ಪರ್ವರಿಯಲ್ಲಿ ಲಾಡ್ಜಿನ ಅಂಗಳದಲ್ಲೇ ಜಾಗ ಸಿಗುತ್ತದೆ. ಕಾರನ್ನು ಅಲ್ಲೇ ಬಿಟ್ಟು ಹೊಳೆ ದಡದ ಬೆತಿಂವರೆಗೆ ಹೋಗಿ ಫೆರಿ ಹತ್ತಿ. ನಡೆದು ಹತ್ತುವವರಿಗೆ ದುಡ್ಡಿಲ್ಲ, ಇಳಿದರೆ ಪಣಜಿ. ವಾಪಸ್ ಬರುವಾಗ ಕೊನೆಯ ಫೆರಿ ಎಷ್ಟು ಹೊತ್ತಿಗೆ ಅಂತ ಮಾತ್ರ ಹೋಗುವಾಗಲೇ ಕೇಳಿಟ್ಟುಕೊಳ್ಳಿ.