ಖಗೋಳ ಲೋಲಕ ಗಡಿಯಾರವನ್ನು ಕೂರಿಸಿ ನೋಡಿಕೊಳ್ಳುವ ಸೇವೆ: ಬೆಂಗಳೂರಿನ ಒಂದು ಕಾರ್ಯಾಗಾರ

ನಕ್ಷತ್ರಗಳು ಮಧ್ಯಾಹ್ನ ರೇಖೆಯನ್ನು (ಉತ್ತರದಿಂದ ದಕ್ಷಿಣಕ್ಕೆ ನೆತ್ತಿಯ ಮೇಲೆ ಹಾದುಹೋಗುವ ಕಲ್ಪಿತ ರೇಖೆ) ದಾಟುವ ಕ್ಷಣವನ್ನು ಗುರುತಿಸಲು ವೀಕ್ಷಣಾಲಯಗಳಲ್ಲಿ ಬಳಸುತ್ತಿದ್ದ ಬಗೆಯ ಜರ್ಮನ್ ರೆಗ್ಯುಲೇಟರ್ (ಅತಿ ನಿಖರವಾದ ಲೋಲಕ) ಗಡಿಯಾರವೊಂದು ನಮ್ಮ ಮನೆಯಲ್ಲಿದೆ. ಅದರ ಲೋಲಕ ಒಂದು ಬದಿಯಿಂದ ಇನ್ನೊಂದು ಬದಿಗೆ ತೂಗಲು ಸರಿಯಾಗಿ ಒಂದು ಸೆಕೆಂಡ್ ತೆಗೆದುಕೊಳ್ಳಬೇಕು. ಅದನ್ನು ಗೋಡೆಗೆ ಕೂರಿಸುವ ಮತ್ತು ವರ್ಷಕ್ಕೊಮ್ಮೆ ಬಂದು ನೋಡುವ ಕೆಲಸವನ್ನು ಈ ಕಾರ್ಯಾಗಾರಕ್ಕೆ ವಹಿಸಿದ್ದೇವೆ. ಇಂಥ ಗಡಿಯಾರವನ್ನು ಅದು ನಿಲ್ಲುವ ಊರಿಗೇ ಹೊಂದಿಸಬೇಕು ಎಂಬ ತಿಳಿವಳಿಕೆ ಇವರಿಗಿರುವುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ಮ್ಯೂನಿಕ್‌ನಲ್ಲಿ ಸರಿಯಾಗಿ ನಡೆಯುವ ಲೋಲಕ ಬೆಂಗಳೂರಿನಲ್ಲಿ ದಿನಕ್ಕೆ ಸುಮಾರು 2 ನಿಮಿಷ ಹಿಂದೆ ಬೀಳುತ್ತದೆ. ನಾವು ಸಮಭಾಜಕ ವೃತ್ತಕ್ಕೆ ಹತ್ತಿರವಿರುವುದರಿಂದಲೂ ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದಲೂ ಇಲ್ಲಿ ಗುರುತ್ವ ಸ್ವಲ್ಪ ಕಡಿಮೆ. 1672ರಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ಜಾನ್ ರಿಶೇ ದಕ್ಷಿಣ ಅಮೆರಿಕದ ಕಯೆನ್‌ಗೆ ಹೋದಾಗ, ಪ್ಯಾರಿಸ್‌ನಲ್ಲಿ ಸರಿಹೊಂದಿಸಿದ ಗಡಿಯಾರ ದಿನಕ್ಕೆ ಎರಡೂವರೆ ನಿಮಿಷದಷ್ಟು ತಡವಾಗುವುದನ್ನು ಕಂಡಿದ್ದೂ ಇದೇ ಬಗೆಯ ಕಾರಣಕ್ಕೆ. ಕಾರ್ಯಾಗಾರದ ಹಿರಿಯರು ಗಡಿಯಾರ ಕೆಟ್ಟಿದೆ ಎನ್ನದೆ, ಯಂತ್ರವನ್ನು ಬಿಚ್ಚದೆ, ಲೋಲಕದ ಕೆಳಗಿನ ತಿರುಪನ್ನು ತಿರುಗಿಸಿ ಗುಂಡನ್ನು ಸುಮಾರು 3 ಮಿಲಿಮೀಟರ್ ಮೇಲಕ್ಕೆತ್ತಿದರು. ಉಳಿದ ಸೂಕ್ಷ್ಮ ಹೊಂದಾಣಿಕೆಯನ್ನು ಲೋಲಕದ ಕಡ್ಡಿಯ ನಡುವಿನ ಪುಟ್ಟ ತಟ್ಟೆಯಲ್ಲಿ ತೂಕವಿಟ್ಟು ಮಾಡಿದರು. ಸುಮಾರು 7 ಕಿಲೋ ಗುಂಡಿರುವ ನಮ್ಮ ಲೋಲಕಕ್ಕೆ ಅಲ್ಲಿ ಒಂದು ಗ್ರಾಂ ಸೇರಿಸಿದರೆ ಗಡಿಯಾರ ದಿನಕ್ಕೆ ಒಂದೂವರೆ ಸೆಕೆಂಡಿನಷ್ಟು ಮುಂದಾಗುತ್ತದೆ, ಮತ್ತು ಇದಕ್ಕಾಗಿ ಲೋಲಕವನ್ನು ನಿಲ್ಲಿಸಬೇಕಾಗಿಲ್ಲ. ಚಿಮಟದಿಂದ ತೂಕವನ್ನು ಇಡುವಾಗ ಅವರ ಕೈ ಕಡ್ಡಿಗೆ ಒಮ್ಮೆಯೂ ತಗಲಲಿಲ್ಲ.

ಜಾಗದ ಆಯ್ಕೆಯಲ್ಲಿ ಅವರು ತೋರಿದ ಹಟವೂ ಸರಿಯಾದದ್ದೇ. ನಾವು ಬಯಸಿದ್ದ ಮರದ ಅಡ್ಡಗೋಡೆಯನ್ನು ನಿರಾಕರಿಸಿ, ಒಳಮನೆಯ ದಪ್ಪ ಇಟ್ಟಿಗೆ ಗೋಡೆಯನ್ನೇ ಆರಿಸಿದರು. ಆಧಾರ ಕೂದಲೆಳೆಯಷ್ಟು ಅಲುಗಿದರೂ ಲೋಲಕದ ಶಕ್ತಿ ಅದರಲ್ಲಿ ಸೋರಿ ನಡೆ ಕೆಡುತ್ತದೆ. ಕಡ್ಡಿ ಬಿಸಿಗೆ ಅತಿ ಕಡಿಮೆ ಹಿಗ್ಗುವ ಇನ್ವಾರ್ ಮಿಶ್ರಲೋಹದ್ದಾದ್ದರಿಂದ ಬೇಸಿಗೆಯ ಚಿಂತೆ ಅಷ್ಟಿಲ್ಲ. ಉಕ್ಕಿನ ಕಡ್ಡಿಯಾಗಿದ್ದರೆ ಉಷ್ಣಾಂಶ ಒಂದು ಡಿಗ್ರಿ ಏರಿದಾಗಲೆಲ್ಲ ದಿನಕ್ಕೆ ಅರ್ಧ ಸೆಕೆಂಡ್ ಕಳೆಯುತ್ತಿತ್ತು; ಇದರಲ್ಲಿ ಆ ವ್ಯತ್ಯಾಸ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು. ಕೊನೆಗೆ ಕಣ್ಣು ಮುಚ್ಚಿ ಟಿಕ್ ಮತ್ತು ಟಾಕ್‌ಗಳ ನಡುವಿನ ಅಂತರ ಎರಡೂ ಕಡೆ ಸಮವಾಗಿದೆಯೇ ಎಂದು ಬಹಳ ಹೊತ್ತು ಆಲಿಸಿದ ಮೇಲೆಯೇ ಪೆಟ್ಟಿಗೆಯ ಗಾಜಿನ ಬಾಗಿಲು ಹಾಕಿದರು.

ವಾರ್ಷಿಕ ಸೇವೆಯಲ್ಲಿ ಎಣ್ಣೆ ಹಾಕುವ ಶಿಸ್ತನ್ನು ಗಮನಿಸಬೇಕು. ಅಚ್ಚುಗಳ ತುದಿಗೆ ಮತ್ತು ಚಕ್ರದ ಹಲ್ಲುಗಳನ್ನು ಒಂದೊಂದಾಗಿ ಬಿಡುವ ಎಸ್ಕೇಪ್‌ಮೆಂಟಿನ ಕೊಕ್ಕೆಯಂಥ ಎರಡು ಪ್ಯಾಲೆಟ್‌ಗಳಿಗೆ ಸೂಜಿಮೊನೆಯಷ್ಟು ಎಣ್ಣೆ ಮುಟ್ಟಿಸುತ್ತಾರೆಯೇ ಹೊರತು ಹಲ್ಲುಚಕ್ರಗಳಿಗೆ ಒಂದು ಹನಿಯನ್ನೂ ಹಾಕುವುದಿಲ್ಲ. ಹಲ್ಲುಗಳ ಮೇಲಿನ ಎಣ್ಣೆಗೆ ನಮ್ಮ ಊರಿನ ಧೂಳು ಅಂಟಿಕೊಂಡರೆ ಅದು ಲೋಹವನ್ನೇ ಸವೆಸುತ್ತದೆ.

ಕೊರತೆಗಳೂ ಇವೆ. ಬರುವ ದಿನವನ್ನು ಮೊದಲೇ ತಿಳಿಸುವುದಿಲ್ಲ. ಶುಲ್ಕದ ಅಂದಾಜನ್ನು ಬರೆದುಕೊಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಗಡಿಯಾರ ದಿನಕ್ಕೆ ಎಷ್ಟು ಮುಂದೆ ಅಥವಾ ಹಿಂದೆ ಹೋಗುತ್ತಿತ್ತು, ಯಾವ ತೂಕವನ್ನು ಇಟ್ಟರು ಅಥವಾ ತೆಗೆದರು ಎಂಬುದನ್ನು ದಾಖಲಿಸುವ ಪದ್ಧತಿ ಅವರಲ್ಲಿಲ್ಲ. ಖಗೋಳ ಗಡಿಯಾರಕ್ಕೆ ಈ ದಾಖಲೆ ಇರಲೇಬೇಕು, ಏಕೆಂದರೆ ನಡೆ ಎಷ್ಟು ಎಂಬುದಕ್ಕಿಂತ ಅದು ದಿನದಿಂದ ದಿನಕ್ಕೆ ಒಂದೇ ಸಮನಾಗಿದೆಯೇ ಎಂಬುದರಿಂದಲೇ ಇದರ ಆರೋಗ್ಯ ತಿಳಿಯುವುದು. ಪುಸ್ತಕವೊಂದನ್ನು ಪೆಟ್ಟಿಗೆಯ ಪಕ್ಕದಲ್ಲಿಟ್ಟು ಆ ಕೆಲಸವನ್ನು ಈಗ ನಾವೇ ಮಾಡುತ್ತಿದ್ದೇವೆ.

ಮನೆ ಬದಲಿಸುವವರು ಸಾಗಣೆದಾರರನ್ನು ಕರೆಯುವ ಮೊದಲು ಇವರನ್ನು ಕರೆಯುವುದು ಒಳ್ಳೆಯದು. ಲೋಲಕವನ್ನು ಬಿಚ್ಚದೆ ಗಡಿಯಾರವನ್ನು ಎತ್ತಿದರೆ, ಅದು ತೂಗಿ ನಿಂತಿರುವ ತೆಳುವಾದ ಉಕ್ಕಿನ ಪಟ್ಟಿ ಮಡಿಸಿಹೋಗುತ್ತದೆ. ಮಡಿಕೆ ಬಿದ್ದ ಪಟ್ಟಿಯನ್ನು ನೇರ ಮಾಡಿ ಬಳಸಲಾಗದು, ಹೊಸದನ್ನೇ ಹಾಕಿಸಬೇಕು.