ಕುಮಟಾ ನಿಲ್ದಾಣದ ದಾರಿಯ ಹೊಸ ಕಟ್ಟಡ: ಊಟ, ಕೋಣೆ, ಜಗಲಿ

ಶಿರಸಿಗೆ ರೈಲಿಲ್ಲ. ಮಂಗಳೂರಿಗೋ ಗೋವೆಗೋ ಮುಂಬಯಿಗೋ ರೈಲಿನಲ್ಲಿ ಹೊರಟವರು ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬರಬೇಕು. ಸುಮಾರು 60 ಕಿಲೋಮೀಟರಿನ ಆ ದಾರಿಯಲ್ಲಿ ಮಳೆಗಾಲಕ್ಕೆ ಮರ ಬಿದ್ದೀತು, ಧರೆ ಕುಸಿದೀತು ಎಂಬ ಭಯದಿಂದ ಎರಡು ತಾಸು ಮೊದಲೇ ಮನೆ ಬಿಡುವುದು ನಮ್ಮಲ್ಲಿ ರೂಢಿ. ದಾರಿ ಸರಿಯಿದ್ದ ದಿನ ಆ ಎರಡು ತಾಸನ್ನು ನಿಲ್ದಾಣದ ಆಸುಪಾಸಿನಲ್ಲಿಯೇ ಕಳೆಯಬೇಕಾಗುತ್ತದೆ. ನಿಲ್ದಾಣದ ದಾರಿಯಲ್ಲಿ ಹಳೆಯ ಗೂಡಂಗಡಿಗಳ ಸಾಲು ತೆಗೆದು ಕಟ್ಟಿರುವ ಎರಡು ಅಂತಸ್ತಿನ ಹೊಸ ಕಟ್ಟಡವನ್ನೂ ಅದರ ಕೆಳಗಿನ ಹೋಟೆಲನ್ನೂ ಕಳೆದ ಜೂನ್‌ನಿಂದ ಈಚೆಗೆ ಐದು ಸಲ ಬಳಸಿದ್ದೇನೆ. ಎರಡು ಸಲ ವಯಸ್ಸಾದ ಅಮ್ಮ ಜೊತೆಗಿದ್ದರು. ಇದು ಆ ಐದು ಸಲದ ಅನುಭವದ ಮೇಲೆ ಬರೆದ ಅಭಿಪ್ರಾಯ.

ಮೊದಲು ಜಗಲಿಯ ಮಾತು, ಏಕೆಂದರೆ ಈ ಕಟ್ಟಡದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಅದು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕರಾವಳಿಯಲ್ಲಿ ಈಗ ಏಳುತ್ತಿರುವ ವಾಣಿಜ್ಯ ಕಟ್ಟಡಗಳಲ್ಲಿ ಹೆಚ್ಚಿನವು ಗಾಜಿನ ಮುಖ ಹೊತ್ತು ರಸ್ತೆಯ ಅಂಚಿಗೇ ನಿಲ್ಲುತ್ತವೆ. ಅವುಗಳ ಮುಂದೆ ಮಳೆ ಬಂದರೆ ನಿಲ್ಲಲು ಒಂದು ಮೊಳ ಜಾಗವಿರುವುದಿಲ್ಲ. ಇಲ್ಲಿ ಚಿರೇಕಲ್ಲಿನ ಕಂಬಗಳ ಮೇಲೆ ಹಂಚಿನ ಮಾಡು ಇಳಿಸಿ, ಹತ್ತು ಅಡಿ ಅಗಲದ ಜಗಲಿಯನ್ನು ಕಟ್ಟಡದ ಉದ್ದಕ್ಕೂ ಬಿಟ್ಟಿದ್ದಾರೆ. ಜುಲೈ ತಿಂಗಳ ಒಂದು ಬೆಳಗಿನ ಜಾವ ರಿಕ್ಷಾದಿಂದ ಇಳಿದಾಗ ಎದುರಿನ ಮರವೂ ಕಾಣದಂಥ ಮಳೆ. ಸೂರಿನ ನೀರು ಅಂಗಳಕ್ಕೆ ಚೆಲ್ಲದೆ, ಕೆಳಗೆ ಕಬ್ಬಿಣದ ಜಾಲರಿ ಹೊದಿಸಿದ ಕಾಲುವೆಗೆ ನೇರವಾಗಿ ಬಿದ್ದು ಗಟಾರ ಸೇರುತ್ತಿತ್ತು. ಒಳಗೋಡೆಗೆ ಹೊಂದಿಸಿ ಕಟ್ಟಿದ ಕಟ್ಟೆಯ ಮೇಲೆ ಅಮ್ಮನನ್ನು ಕೂರಿಸಿ ಪಕ್ಕದಲ್ಲಿ ಚೀಲಗಳನ್ನಿಟ್ಟೆ. ಕಟ್ಟೆ ಮೊಣಕಾಲೆತ್ತರ ಇದ್ದುದರಿಂದ ಗಂಟುನೋವಿನ ಅಮ್ಮ ಯಾರ ಕೈಯನ್ನೂ ಹಿಡಿಯದೆ ಕೂತರು, ಎದ್ದರು. ಒಂದು ತಾಸಿನ ನಂತರ ಚೀಲ ಎತ್ತಿಕೊಂಡಾಗ ಅದರ ತಳ ಒಣಗಿಯೇ ಇತ್ತು. ಕಟ್ಟಿದವರು ಈ ಊರಿನ ಮಳೆಯನ್ನು ಬಲ್ಲವರು ಎಂಬುದು ನನಗೆ ಅಲ್ಲಿಯೇ ಮನವರಿಕೆಯಾಯಿತು.

ಹೋಟೆಲು ಬೆಳಿಗ್ಗೆ ಐದಕ್ಕೆ ಬಾಗಿಲು ತೆರೆಯುತ್ತದೆ. ಬೆಂಗಳೂರಿನಿಂದ ರಾತ್ರಿಯಿಡೀ ಪಯಣಿಸಿ ಬರುವ ಪಂಚಗಂಗಾ ಎಕ್ಸ್‌ಪ್ರೆಸ್ಸಿನಿಂದ ಇಳಿದವರಿಗೂ ಬೆಳಗಿನ ರೈಲು ಹಿಡಿಯಲು ಬಂದವರಿಗೂ ಒಲೆಯ ಮೇಲೆ ಚಾ ಸಿದ್ಧವಾಗಿರುತ್ತದೆ. ಬನ್ಸನ್ನು ಮಾಡಿ ಪೇರಿಸಿಟ್ಟು ಕೊಡುವುದಿಲ್ಲ. ಕೇಳಿದ ಮೇಲೆ ಎಣ್ಣೆಗೆ ಬಿಡುತ್ತಾರೆ. ಮುರಿದರೆ ಒಳಗಿನಿಂದ ಬಾಳೆಹಣ್ಣಿನ ವಾಸನೆಯ ಹಬೆ ಏಳುತ್ತದೆ, ಬೆರಳಿಗೆ ಎಣ್ಣೆ ಹತ್ತುವುದಿಲ್ಲ. ಗಲ್ಲೆಯ ಮೇಲಿರುವ ಹೆಂಗಸು ಹಿಂದೆ ಇದೇ ಜಾಗದಲ್ಲಿ ತಾಡಪಾಲಿನ ಕೆಳಗೆ ಚಾ ಅಂಗಡಿ ನಡೆಸುತ್ತಿದ್ದವರು. ಗಾಡಿ ತಡವಾದ ದಿನ ನಾವು ಗಡಿಬಿಡಿಯಿಂದ ಗಡಿಯಾರ ನೋಡುತ್ತಿದ್ದರೆ, “ಅಕ್ಕೋರೇ, ಗಾಡಿ ಮುರ್ಡೇಶ್ವರ ಬಿಟ್ಟಿಲ್ಲ, ಕೂತ್ಕಳಿ” ಎಂದು ಅವರೇ ಹೇಳಿ ಸಮಾಧಾನ ಮಾಡುತ್ತಾರೆ. ನಿಲ್ದಾಣದ ಬಳಿಯ ಹೋಟೆಲಿಗೆ ಬೇಕಾದ ತಿಳಿವಳಿಕೆ ಇದು.

ಮಧ್ಯಾಹ್ನದ ಊಟದಲ್ಲಿ ಕುಚ್ಚಲಕ್ಕಿ ಅನ್ನ, ಬಾಂಗಡೆ ಸಾರು, ಸಿಕ್ಕ ದಿನ ಶೆಟ್ಲಿ (ಸೀಗಡಿ) ಸುಕ್ಕ. ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವಾಗ ಮಂಜುಗಡ್ಡೆಯಲ್ಲಿಟ್ಟ ಹಳೆಯ ಮೀನನ್ನು ಹೊಸದೆಂದು ಬಡಿಸದೆ, “ಒಣಮೀನು ಚಟ್ನಿ, ಹೊಳೆಮೀನು ಇದ್ದರೆ ಮಾತ್ರ ಸಾರು” ಎಂದು ಹಲಗೆಯ ಮೇಲೆ ಬರೆದಿಟ್ಟಿದ್ದರು. ಒಂದು ದಿನ ಕಗ್ಗದಕ್ಕಿಯ ಗಂಜಿಯೂ ಸಿಕ್ಕಿತು. ಅಘನಾಶಿನಿಯ ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಂಡು ಬೆಳೆಯುವ ಈ ಭತ್ತ ಮಾಣಿಕಟ್ಟಾದ ಕಡೆ ಇನ್ನೂ ಉಳಿದಿದೆ. ರೈಲಿಳಿದು ಬಂದ ಪರಊರಿನವರಿಗೆ ಅದರ ರುಚಿ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಅದನ್ನು ವಾರಕ್ಕೊಮ್ಮೆಯಾದರೂ ಖಾಯಂ ಮಾಡಬೇಕೆಂದು ಅವರಲ್ಲಿ ಕೇಳಿಕೊಂಡಿದ್ದೇನೆ. ಪಲ್ಯಗಳ ಬಗ್ಗೆ ಹೇಳುವಂಥದ್ದೇನಿಲ್ಲ.

ಮೇಲಿನ ಆರು ಕೋಣೆಗಳನ್ನು ಅರ್ಧ ದಿನದ ಲೆಕ್ಕದಲ್ಲಿಯೂ ಕೊಡುತ್ತಾರೆ. ಹಾಸಿಗೆ ಶುಭ್ರವಾಗಿತ್ತು, ಬಿಸಿನೀರು ಬಂತು. ಮೆಟ್ಟಿಲಿಗೆ ಒಂದೇ ಕಡೆ ಹಿಡಿಕೆ ಇರುವುದರಿಂದ ವಯಸ್ಸಾದವರನ್ನು ಕರೆದೊಯ್ಯುವುದು ಕಷ್ಟ. ಕೆಳಗಿನ ಶೌಚಾಲಯಕ್ಕೆ ಮಾತ್ರ ಇಳಿಜಾರು ದಾರಿಯಿದೆ ಮತ್ತು ಅದನ್ನು ಗಂಟೆಗೊಮ್ಮೆ ತೊಳೆಯುವುದನ್ನು ಕಣ್ಣಾರೆ ಕಂಡಿದ್ದೇನೆ.

ಕೊಂಕಣ ರೈಲು ಮಾರ್ಗ 1998ರ ಜನವರಿಯಲ್ಲಿ ಪೂರ್ತಿಯಾಗಿ ಸಂಚಾರಕ್ಕೆ ತೆರೆದುಕೊಂಡಾಗ ನಮ್ಮ ಜಿಲ್ಲೆಯ ಹಲವು ನಿಲ್ದಾಣಗಳು ಪೇಟೆಯಿಂದ ಹೊರಗೆ, ಗುಡ್ಡದ ಮಗ್ಗುಲಲ್ಲಿ ನಿಂತವು. ಕಾರವಾರದ ನಿಲ್ದಾಣ ಶಿರವಾಡದಲ್ಲಿದೆ. ಗೋಕರ್ಣ ರೋಡ್ ನಿಲ್ದಾಣದಲ್ಲಿ ಇಳಿದವರು ಗೋಕರ್ಣ ಸೇರಲು ಮತ್ತೆ ವಾಹನ ಹಿಡಿಯಬೇಕು. ಗಾಡಿ ಹೋದ ಹತ್ತು ನಿಮಿಷಕ್ಕೆ ರಿಕ್ಷಾಗಳೆಲ್ಲ ಚದುರಿ, ನಿಲ್ದಾಣದ ಎದುರು ನಾಯಿಗಳಷ್ಟೇ ಉಳಿಯುವುದನ್ನು ಇಷ್ಟು ವರ್ಷ ಕಂಡಿದ್ದೇವೆ. ನಿಲ್ದಾಣದಿಂದ ನಡೆದು ತಲುಪಬಹುದಾದ 500ರಿಂದ 800 ಮೀಟರಿನ ಒಳಗೆ ಮನೆ, ಅಂಗಡಿ, ಕಚೇರಿಗಳು ಒಟ್ಟಾಗಿ ಬೆಳೆಯಬೇಕು, ನಡೆಯುವವರಿಗೆ ಮೊದಲ ಸ್ಥಾನ ಸಿಗಬೇಕು ಎಂದು ಕೇಂದ್ರ ಸರ್ಕಾರ 2017ರಲ್ಲಿ ತಂದ ನೀತಿ ಹೇಳುತ್ತದೆ. ಅದು ಮೆಟ್ರೊ ಓಡುವ ಮಹಾನಗರಗಳನ್ನು ಕಣ್ಣಮುಂದೆ ಇಟ್ಟುಕೊಂಡು ರೂಪಿಸಿದ್ದು ನಿಜ. ಆದರೆ ಬೆಳಿಗ್ಗೆ ಐದಕ್ಕೆ ಒಂದು ದೀಪ, ಒಂದು ಕಟ್ಟೆ, ಒಂದು ಶುಚಿಯಾದ ಶೌಚಾಲಯ ನಮ್ಮ ಪುಟ್ಟ ನಿಲ್ದಾಣಗಳಿಗೂ ಬೇಕು. ಕೆಡವಿದ ಗೂಡಂಗಡಿಗಳವರಿಗೇ ಕೆಳಗಿನ ಮಳಿಗೆಗಳನ್ನು ಮೊದಲ ಎರಡು ವರ್ಷ ಹಳೆಯ ಬಾಡಿಗೆಗೆ ಕೊಟ್ಟರೆಂದು ಹೋಟೆಲಿನವರು ಹೇಳಿದಾಗ ಕಟ್ಟಡದ ಮಾಲೀಕರ ಮೇಲೆ ನನಗೆ ಗೌರವ ಹೆಚ್ಚಿತು. ಹೊಸದು ಕಟ್ಟುವಾಗ ಹಳೆಯ ಬಾಡಿಗೆದಾರರಿಗೆ ಮೊದಲು ಜಾಗ ಕೊಡುವವರು ಕಡಿಮೆ.

ಆ ಗೌರವದಿಂದಲೇ ಕೊರತೆಯನ್ನೂ ಬರೆಯುತ್ತೇನೆ. ಗೂಡಂಗಡಿಗಳಿದ್ದ ಕಾಲದಲ್ಲಿ ಅವುಗಳ ಪಕ್ಕದ ರಸ್ತೆ ಬದಿಯಲ್ಲಿ ಐದಾರು ಮಂದಿ ಹಾಲಕ್ಕಿ ಸಮುದಾಯದ ಹೆಂಗಸರು ಹರಿವೆ, ಬಸಳೆ, ಅಬ್ಬಲಿಗೆ ಮಾಲೆ, ಬೇಸಿಗೆಯಲ್ಲಿ ಕುಮಟಾದ ಸಿಹಿ ಈರುಳ್ಳಿಯ ಗೊಂಚಲುಗಳನ್ನು ಹರವಿಕೊಂಡು ಕೂರುತ್ತಿದ್ದರು. ಈಗ ಅಲ್ಲಿ ಪಾಗಾರ ಎದ್ದಿದೆ, ಅದರ ಮುಂದೆ ಕಾರುಗಳು ನಿಲ್ಲುತ್ತವೆ. ಅವರು ಮುಂದಿನ ತಿರುವಿನಲ್ಲಿ, ನೆರಳಿಲ್ಲದ ಕಡೆ ಕೂತಿದ್ದಾರೆ. ಬಸಳೆ ಕೊಂಡು ಕೇಳಿದರೆ ಅವರಲ್ಲೊಬ್ಬರು, “ಅಲ್ಲಿ ಕೂರೂಕೆ ಬಿಡೂದಿಲ್ಲ, ಅಕ್ಕೋರೇ” ಎಂದಷ್ಟೇ ಹೇಳಿ ಸೊಪ್ಪಿಗೆ ನೀರು ಚಿಮುಕಿಸಿದರು. ಬಾಡಿಗೆ ಚೀಟಿ ಇದ್ದವರಿಗೆ ಮಳಿಗೆ ಸಿಕ್ಕಿತು. ಚೀಟಿಯೇ ಇಲ್ಲದೆ ಬುಟ್ಟಿಯೊಂದಿಗೆ ಬಂದು ಹೋಗುತ್ತಿದ್ದವರನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಬೀದಿ ಬದಿ ವ್ಯಾಪಾರಿಗಳ ಜೀವನೋಪಾಯ ರಕ್ಷಿಸುವ 2014ರ ಕಾಯ್ದೆ ಇವರಿಗಾಗಿಯೇ ಇದೆ. ಸಮೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ, ಸ್ಥಳಾಂತರಿಸುವುದಿದ್ದರೆ 30 ದಿನ ಮೊದಲು ನೋಟಿಸು ಕೊಡಬೇಕು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಾಗಿರಬೇಕು ಎಂದು ಅದರಲ್ಲಿದೆ.

ಇನ್ನೊಂದು ಕೊರತೆ ನಡೆಯುವ ದಾರಿಯದು. ಕಟ್ಟಡದ ಮುಂದಿನ ಹಾಸುಗಲ್ಲು ಚೆನ್ನಾಗಿದೆ, ಆದರೆ ಅವರ ಗಡಿ ಮುಗಿದಲ್ಲಿ ಅದೂ ಮುಗಿಯುತ್ತದೆ. ಅಲ್ಲಿಂದ ನಿಲ್ದಾಣದ ಕಡೆಗೆ ಗಟಾರದ ಮೇಲಿನ ಚಪ್ಪಡಿಗಳ ನಡುವೆ ಬಿರುಕುಗಳಿವೆ. ಸೆಪ್ಟೆಂಬರಿನಲ್ಲಿ ನನ್ನ ಚೀಲದ ಗಾಲಿ ಅಂಥದ್ದೊಂದರಲ್ಲಿ ಸಿಕ್ಕಿ ಕಿತ್ತುಬಂತು, ಅಮ್ಮ ಮುಗ್ಗರಿಸಿದರು. ಕಟ್ಟಡದವರು ತಮ್ಮ ಖರ್ಚಿನಲ್ಲಿ ಎರಡು ಚಪ್ಪಡಿ ಸರಿಪಡಿಸಿದರೆ ಸಾಕಾಗದು. ಸಂಬಂಧಪಟ್ಟವರು ಪೂರ್ತಿ ದಾರಿಯನ್ನು ಒಂದೇ ಮಟ್ಟಕ್ಕೆ ತರಬೇಕು.

ಹೋಗುವವರು ಬೆಳಿಗ್ಗೆ ಬನ್ಸನ್ನು, ಮಧ್ಯಾಹ್ನ ಊಟವನ್ನು ನಿಶ್ಚಿಂತೆಯಿಂದ ಹೇಳಬಹುದು. ವಯಸ್ಸಾದವರಿದ್ದರೆ ಕೋಣೆಯ ಬದಲು ಕೆಳಗಿನ ಕಟ್ಟೆಯೇ ಲೇಸು. ಜಗಲಿಯ ಬಡಗಣ ತುದಿಯಲ್ಲಿ ಕೊನೆಯ ಮಳಿಗೆ ಇನ್ನೂ ಬಾಡಿಗೆಗೆ ಹೋಗಿಲ್ಲ, ಅದರ ಮುಂದಿನ ಜಾಗ ಖಾಲಿ ಬಿದ್ದಿದೆ. ಬೆಳಗಿನ ಮೂರು ತಾಸು ಅದನ್ನು ಸೊಪ್ಪಿನ ಬುಟ್ಟಿಗಳಿಗೆ ಬಿಟ್ಟುಕೊಡಿ ಎಂದು ಮಾಲೀಕರಿಗೆ ಪತ್ರ ಬರೆದು ಗಲ್ಲೆಯಲ್ಲಿ ಕೊಟ್ಟು ಬಂದಿದ್ದೇನೆ.