ಸಣ್ಣ ಉಪ್ಪುನೀರಿನ ತೊಟ್ಟಿಯಲ್ಲಿ ಆಲ್ಕಲಿನಿಟಿ ಕಾಯಲು ನಾಲ್ಕು ದಾರಿ: ಬಳಸಿ ನೋಡಿದ ಹೋಲಿಕೆ

ಮೀನು, ಹವಳ ಸಾಕುವ ಹೊಸ ಉಪ್ಪುನೀರಿನ ತೊಟ್ಟಿಯಲ್ಲಿ ಎಲ್ಲರ ಕಣ್ಣೂ ಅಮೋನಿಯಾ, ನೈಟ್ರೈಟ್‌ಗಳ ಮೇಲೆ ನೆಟ್ಟಿರುತ್ತದೆ. ಬ್ಯಾಕ್ಟೀರಿಯಾ ಬೇರೂರಿದ ಮೇಲೆ ಅವೆರಡೂ ತಾವಾಗಿಯೇ ಸೊನ್ನೆಗೆ ಇಳಿಯುತ್ತವೆ. ಹವಳಗಳು ಬಂದ ಮೇಲೆ ದಿನವೂ ಕರಗುವುದು ಆಲ್ಕಲಿನಿಟಿ, ಅಂದರೆ ಆಮ್ಲವನ್ನು ತಡೆಯುವ ನೀರಿನ ಶಕ್ತಿ, ಮುಖ್ಯವಾಗಿ ಅದರಲ್ಲಿರುವ ಬೈಕಾರ್ಬೊನೇಟ್. ಅದನ್ನು ತುಂಬಿಕೊಡಲು ನಾಲ್ಕು ದಾರಿಗಳಿವೆ: ನೀರು ಬದಲಾಯಿಸುವುದು, ಎರಡು ದ್ರಾವಣ ಹಾಕುವುದು, ಸುಣ್ಣದ ತಿಳಿನೀರು ಹನಿಸುವುದು, ಒಂದೇ ಬಾಟಲಿಯ ದ್ರಾವಣ ಬಳಸುವುದು. ನಾಲ್ಕನ್ನೂ 40 ಲೀಟರಿನ ತೊಟ್ಟಿಗೆ ಒಪ್ಪುವಂತೆ ಇಲ್ಲಿ ಪಕ್ಕಪಕ್ಕಕ್ಕೆ ಇಟ್ಟಿದೆ. ಕಲ್ಲು, ಮರಳು ಜಾಗ ತಿಂದ ಮೇಲೆ ಅಂಥ ತೊಟ್ಟಿಯಲ್ಲಿ ನಿಜವಾಗಿ ಉಳಿಯುವ ನೀರು ಸುಮಾರು 33 ಲೀಟರ್. ಕೆಳಗಿನ ಲೆಕ್ಕವೆಲ್ಲ ಆ 33ಕ್ಕೆ. ತೊಟ್ಟಿಯ ಮೇಲೆ ಬರೆದ ಅಳತೆ ನಂಬಿ ಔಷಧ ಹಾಕಿದರೆ ಪ್ರತಿಸಲವೂ ಐದರಲ್ಲೊಂದು ಪಾಲು ಹೆಚ್ಚು ಬಿದ್ದಿರುತ್ತದೆ.

ಗುರಿ ಸಮುದ್ರದ ಹತ್ತಿರವೇ ಇರಲಿ. ಲವಣಾಂಶ 35 ಪಿಪಿಟಿ (ಸಾವಿರಕ್ಕೆ 35 ಪಾಲು), ಆಲ್ಕಲಿನಿಟಿ 7ರಿಂದ 9 ಡಿಕೆಎಚ್ (ಆಲ್ಕಲಿನಿಟಿಯ ಅಳತೆಮಾನ), ಕ್ಯಾಲ್ಸಿಯಂ 400ರಿಂದ 440 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಪಾಲು), ಮೆಗ್ನೀಸಿಯಂ 1300ರ ಆಸುಪಾಸು. ಲವಣಾಂಶ ತಪ್ಪಿದ್ದರೆ ಉಳಿದ ಮೂರು ಅಂಕಿಗಳಿಗೆ ಅರ್ಥವಿಲ್ಲ. ಲವಣಾಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಶುದ್ಧ ನೀರಿನಲ್ಲಿ ಸೊನ್ನೆಗೆ ಹೊಂದಿಸಿದರೆ ಸಾಲದು, 35 ಪಿಪಿಟಿಯ ಮಾದರಿ ದ್ರಾವಣದಿಂದಲೇ ಹೊಂದಿಸಬೇಕು. 33 ಲೀಟರಿನಲ್ಲಿ ಒಂದು ಲೀಟರ್ ಆವಿಯಾದರೆ 35 ಇದ್ದದ್ದು 36 ದಾಟುತ್ತದೆ. ಹಾಗಾಗಿ ಆವಿಯಾದಷ್ಟು ಸಿಹಿನೀರನ್ನು, ಆರ್‌ಒ-ಡಿಐ (ಕರಗಿದ ಲವಣಗಳನ್ನೂ ತೆಗೆಯುವ ಶೋಧಕ) ಸೋಸಿದ್ದನ್ನೇ, ದಿನವೂ ತುಂಬಿದ ಮೇಲೆ ಪರೀಕ್ಷೆಗೆ ಕೈ ಹಾಕಿ.

ಮೊದಲು ಅಳೆಯಬೇಕಾದದ್ದು

ದಾರಿಯನ್ನು ಆರಿಸಿಕೊಡುವುದು ದಿನದ ಖರ್ಚು. ಮೂರು ದಿನ ಏನೂ ಹಾಕದೆ, ಒಂದೇ ಹೊತ್ತಿಗೆ, ಒಂದೇ ಕಿಟ್ಟಿನಲ್ಲಿ ಆಲ್ಕಲಿನಿಟಿ ನೋಡಿ. 8.4ರಿಂದ 7.5ಕ್ಕೆ ಇಳಿದರೆ ದಿನಕ್ಕೆ 0.3 ಡಿಕೆಎಚ್ ಖರ್ಚು. ಒಂದು ಹನಿಗೆ ಒಂದು ಡಿಕೆಎಚ್ ತೋರಿಸುವ ಕಿಟ್ಟಿನಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ. ಸಿರಿಂಜಿನಲ್ಲಿ ಅಳೆಯುವ ಕಿಟ್ಟು ಬೇಕು. ಹನಿ ಕಿಟ್ಟೇ ಇದ್ದರೆ ನೀರಿನ ಪ್ರಮಾಣ ಎರಡರಷ್ಟು ತೆಗೆದುಕೊಳ್ಳಿ, ಆಗ ಹನಿಗೆ ಅರ್ಧ ಡಿಕೆಎಚ್.

ಹೊಸ ತೊಟ್ಟಿಯಲ್ಲಿ ಈ ಖರ್ಚು ಮೋಸ ಮಾಡುತ್ತದೆ. ಒಂದೂ ಹವಳವಿಲ್ಲದಿದ್ದರೂ ಆಲ್ಕಲಿನಿಟಿ ಇಳಿಯುವುದುಂಟು. ಕಾರಣ ಎರಡು. ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ. ಅಮೋನಿಯಂ ಕ್ಲೋರೈಡ್ ಹಾಕಿ 2 ಪಿಪಿಎಂಗೆ ಏರಿಸಿ ಸೈಕಲ್ ಮಾಡಿದರೆ, ಅಂದರೆ ಆ ಬ್ಯಾಕ್ಟೀರಿಯಾ ಬೇರೂರುವಂತೆ ಮಾಡಿದರೆ, ಅಷ್ಟಕ್ಕೇ ಸುಮಾರು 0.65 ಡಿಕೆಎಚ್ ಹೋಗುತ್ತದೆ. ಇನ್ನೊಂದು, ಒಣ ಅರಗೊನೈಟ್ (ಒಂದು ಬಗೆಯ ಕ್ಯಾಲ್ಸಿಯಂ ಕಾರ್ಬೊನೇಟ್) ಮರಳು ಮತ್ತು ಹೊಸ ಕಲ್ಲಿನ ಬರಿಯ ಮೈ. ಕ್ಯಾಲ್ಸಿಯಂ ಕಾರ್ಬೊನೇಟ್ ಹರಳುಗಟ್ಟಲು ಅದು ಹದವಾದ ನೆಲ. ದಿನ ಕಳೆದಂತೆ ಮೆಗ್ನೀಸಿಯಂ, ಫಾಸ್ಫೇಟ್, ಜೈವಿಕ ಪೊರೆ ಆ ಮೈಯನ್ನು ಮುಚ್ಚುತ್ತವೆ, ಇಳಿತ ನಿಧಾನವಾಗುತ್ತದೆ. ಇದನ್ನು ತಿಳಿಯದೆ ಮೊದಲ ವಾರಗಳಲ್ಲಿ ಆಲ್ಕಲಿನಿಟಿ ಏರಿಸಲು ಅಡುಗೆ ಸೋಡಾ ಸುರಿಯುತ್ತಾ ಹೋದರೆ ಹಾಕಿದ್ದೆಲ್ಲ ಮರಳಿಗೇ ಅಂಟಿ, ಮರಳು ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಹೀಟರ್, ಪಂಪಿನ ಮೇಲೂ ಬಿಳಿ ಪದರ ಕೂರುತ್ತದೆ. ಸೈಕಲ್ ಮುಗಿಯುವ ತನಕ 7ರ ಕೆಳಗೆ ಹೋಗದಂತೆ ನೋಡಿಕೊಂಡರೆ ಸಾಕು. ನಾಲ್ಕು ದಾರಿಗಳ ತೀರ್ಪು ಅದಾದ ಮೇಲೆ.

ನೀರು ಬದಲಾವಣೆ

ಖರ್ಚು ಕಡಿಮೆ ಇರುವಾಗ ಇದಕ್ಕಿಂತ ಒಳ್ಳೆಯದು ಇಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೂಕ್ಷ್ಮ ಧಾತುಗಳು ಒಟ್ಟಿಗೇ ಬರುತ್ತವೆ, ನೈಟ್ರೇಟ್ ಹೊರಹೋಗುತ್ತದೆ. ಆದರೆ ಇದರ ಮಿತಿಯ ಲೆಕ್ಕ ಗೊತ್ತಿರಬೇಕು. ವಾರದ ಖರ್ಚನ್ನು ಬದಲಾಯಿಸುವ ಪಾಲಿನಿಂದ ಭಾಗಿಸಿ, ಬಂದದ್ದನ್ನು ಹೊಸ ನೀರಿನ ಡಿಕೆಎಚ್‌ನಿಂದ ಕಳೆಯಿರಿ. ತೊಟ್ಟಿ ಕೊನೆಗೆ ನಿಲ್ಲುವ ಕನಿಷ್ಠ ಅಂಕಿ ಅದು. ಹೊಸದಾಗಿ ಕಲಸಿದ ಉಪ್ಪುನೀರು 8.5, ವಾರದ ಖರ್ಚು 0.3, ವಾರಕ್ಕೆ 20 ಶೇಕಡಾ ಬದಲಾವಣೆ: 0.3ನ್ನು 0.2ರಿಂದ ಭಾಗಿಸಿದರೆ 1.5, ಅಂದರೆ ತೊಟ್ಟಿ 7ರಲ್ಲಿ ನಿಲ್ಲುತ್ತದೆ. ಅದೇ ಖರ್ಚಿಗೆ 10 ಶೇಕಡಾ ಮಾತ್ರ ಬದಲಾಯಿಸಿದರೆ 5.5. ದಿನಕ್ಕೆ 0.3 ಖರ್ಚಾಗುವ ತೊಟ್ಟಿಯನ್ನು ನೀರು ಬದಲಾಯಿಸಿಯೇ ಕಾಯುತ್ತೇನೆ ಎನ್ನುವುದು ಆಗದ ಮಾತು.

ಇನ್ನೊಂದು ಎಚ್ಚರಿಕೆ. ಹವಳದ ತೊಟ್ಟಿಗೆಂದು ಮಾರುವ ಕೆಲವು ರೀಫ್ ಉಪ್ಪುಗಳನ್ನು ಕಲಸಿದಾಗ 11–12 ಡಿಕೆಎಚ್ ಬರುತ್ತದೆ. 7ರಲ್ಲಿರುವ ತೊಟ್ಟಿಗೆ 12ರ ನೀರನ್ನು 20 ಶೇಕಡಾ ಹಾಕಿದರೆ ಒಂದೇ ಏಟಿಗೆ 8. ವಾರವಾರವೂ ಹೀಗೆ ಜಿಗಿಯುವುದು ಹವಳಕ್ಕೆ ಒಗ್ಗುವುದಿಲ್ಲ. ಮೊದಲ ತಿಂಗಳುಗಳಿಗೆ 8–8.5 ಕೊಡುವ ಉಪ್ಪೇ ಲೇಸು.

ಎರಡು ದ್ರಾವಣ

ಒಂದರಲ್ಲಿ ಅಡುಗೆ ಸೋಡಾ, ಇನ್ನೊಂದರಲ್ಲಿ ಕ್ಯಾಲ್ಸಿಯಂ ಕ್ಲೋರೈಡ್. ಸಣ್ಣ ತೊಟ್ಟಿಗೆ ಅಂಗಡಿಯ ಗಾಢ ದ್ರಾವಣಕ್ಕಿಂತ ತೆಳುವಾಗಿ ನಾವೇ ಕಲಸಿಕೊಂಡದ್ದು ಒಳ್ಳೆಯದು. ಕೈ ಒಂದೆರಡು ಮಿಲಿ ತಪ್ಪಿದರೂ ಅನಾಹುತವಿಲ್ಲ. ಒಂದು ಲೀಟರ್ ಆರ್‌ಒ-ಡಿಐ ನೀರಿಗೆ 60 ಗ್ರಾಂ ಸೋಡಾ. ಬೇರೆ ಬಾಟಲಿಯಲ್ಲಿ ಒಂದು ಲೀಟರಿಗೆ 52.5 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್. ಜಲರಹಿತ ಪುಡಿಯಾದರೆ 39.6 ಗ್ರಾಂ ಸಾಕು. ಯಾವುದೆಂದು ಡಬ್ಬಿಯ ಮೇಲೆ ಓದಿ, ಇಲ್ಲಿ ಎಡವುವವರು ಬಹಳ. ಕ್ಲೋರೈಡ್ ಕರಗುವಾಗ ನೀರು ಬಿಸಿಯಾಗುತ್ತದೆ, ಪುಡಿಯನ್ನು ನೀರಿಗೆ ಸ್ವಲ್ಪಸ್ವಲ್ಪವೇ ಹಾಕಿ.

ಈ ಅಳತೆಯಲ್ಲಿ ಎರಡೂ ಜೋಡಿ. ತಲಾ 16.5 ಮಿಲಿ ಹಾಕಿದರೆ 33 ಲೀಟರಿನಲ್ಲಿ 1 ಡಿಕೆಎಚ್ ಮತ್ತು 7 ಪಿಪಿಎಂ ಕ್ಯಾಲ್ಸಿಯಂ ಏರುತ್ತದೆ. ಹವಳ ಎಲುಬು ಕಟ್ಟುವಾಗ ಇವೆರಡನ್ನೂ ಬಳಸುವುದು ಇದೇ ಪ್ರಮಾಣದಲ್ಲಿ. ದಿನಕ್ಕೆ 0.3 ಖರ್ಚಿದ್ದರೆ ತಲಾ 5 ಮಿಲಿ. ಪಂಪಿನ ಸೆಳೆತ ಜೋರಾಗಿರುವ ಕಡೆ ಒಂದನ್ನು ನಿಧಾನವಾಗಿ ಬಿಟ್ಟು, ಕನಿಷ್ಠ 15 ನಿಮಿಷ ಕಳೆದು ಇನ್ನೊಂದು. ಎರಡೂ ನೀರಿನೊಳಗೆ ಮುಖಾಮುಖಿಯಾದರೆ ಬಿಳಿ ಮೋಡ ಏಳುತ್ತದೆ, ಹಾಕಿದ್ದು ವ್ಯರ್ಥ. ದಿನಕ್ಕೆ 1 ಡಿಕೆಎಚ್‌ಗಿಂತ ಹೆಚ್ಚು ಏರಿಸಬೇಡಿ.

ಇದರ ಬೆಲೆ ಉಪ್ಪಿನ ರೂಪದಲ್ಲಿ ಬರುತ್ತದೆ. ಎರಡೂ ದ್ರಾವಣಗಳಿಂದ ಹವಳ ಬಳಸದೆ ಬಿಡುವುದು ಸೋಡಿಯಂ ಮತ್ತು ಕ್ಲೋರೈಡ್. ದಿನಕ್ಕೆ 1 ಡಿಕೆಎಚ್ ಹಾಕುತ್ತಿದ್ದರೆ ತಿಂಗಳಿಗೆ ಲವಣಾಂಶ ಸುಮಾರು 0.6 ಪಿಪಿಟಿ ಏರುತ್ತದೆ. ನೀರು ಬದಲಾವಣೆ ಮುಂದುವರಿಸಿದರೆ ಇದು ಲೆಕ್ಕಕ್ಕೆ ಬರುವುದಿಲ್ಲ, ನಿಲ್ಲಿಸಿದರೆ ಬರುತ್ತದೆ. ಪಿಎಚ್ ವಿಚಾರ: ಸೋಡಾ ಹಾಕಿದ ಕ್ಷಣ ತುಸು ಇಳಿಯುತ್ತದೆ. ಕೋಣೆಯ ಇಂಗಾಲದ ಡೈಆಕ್ಸೈಡ್‌ನಿಂದ ಪಿಎಚ್ ಸದಾ 7.9ರಲ್ಲೇ ತೂಗಾಡುತ್ತಿದ್ದರೆ ಸೋಡಾದ ಬದಲು ವಾಷಿಂಗ್ ಸೋಡಾ, ಅಂದರೆ ಶುದ್ಧ ಸೋಡಿಯಂ ಕಾರ್ಬೊನೇಟ್, ಲೀಟರಿಗೆ 38 ಗ್ರಾಂ. ಸುವಾಸನೆ, ಮಾರ್ಜಕ ಬೆರೆತದ್ದು ಕೂಡದು.

ಸುಣ್ಣದ ತಿಳಿನೀರು

ಪಿಎಚ್ ಏರಿಸುವುದರಲ್ಲಿ ಇದಕ್ಕೆ ಸಾಟಿಯಿಲ್ಲ, ಉಪ್ಪೂ ಉಳಿಯುವುದಿಲ್ಲ. ಕ್ಯಾಲ್ಸಿಯಂ, ಆಲ್ಕಲಿನಿಟಿ ಸರಿಯಾದ ಜೋಡಿಯಲ್ಲೇ ಬರುತ್ತವೆ. ಲೀಟರಿಗೆ 2 ಗ್ರಾಂ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹಾಕಿ ಕಲಕಿ, ಮುಚ್ಚಿಡಿ. ಕರಗುವುದು 1.6 ಗ್ರಾಂ ಆಸುಪಾಸು, ಉಳಿದದ್ದು ತಳಕ್ಕೆ ಕೂರುತ್ತದೆ. ಕೆಲವು ಗಂಟೆಗಳ ಬಳಿಕ ಮೇಲಿನ ತಿಳಿ ಮಾತ್ರ ತೆಗೆಯಿರಿ, ಗಸಿಯಲ್ಲಿ ಕಲ್ಮಶಗಳಿರುತ್ತವೆ. ಮೇಲೆ ಕಟ್ಟುವ ತೆಳು ಕೆನೆಯಂಥ ಪದರ ಗಾಳಿಯಿಂದ ಆದ ಕಾರ್ಬೊನೇಟ್. ಅದನ್ನು ಕದಡದೆ ಬಿಡಿ.

ತಿಳಿಯ ಪಿಎಚ್ 12ರ ಮೇಲೆ. ಕೈಗವಸು, ಕನ್ನಡಕ ಕಡ್ಡಾಯ. ಆವಿಯಾದ ನೀರಿನ ಬದಲಿಗೆ ಇದನ್ನೇ ಹಾಕುವುದರಿಂದ ಮಿತಿಯನ್ನು ಆವಿಯೇ ಹೇಳುತ್ತದೆ: ದಿನಕ್ಕೆ 400 ಮಿಲಿ ಆವಿಯಾದರೆ ಗರಿಷ್ಠ 1.4 ಡಿಕೆಎಚ್. ರಾತ್ರಿ ಪಿಎಚ್ ಇಳಿದಿರುತ್ತದೆ, ಆಗ ಹನಿಸುವುದು ಸೂಕ್ತ. 400 ಮಿಲಿಯನ್ನು 10 ಗಂಟೆಗೆ ಹಂಚಿದರೆ ನಿಮಿಷಕ್ಕೆ ಸುಮಾರು 13 ಹನಿ.

ಹೊಸಬರ ಸಣ್ಣ ತೊಟ್ಟಿಗೆ ಇದನ್ನು ಮೊದಲ ಆಯ್ಕೆಯಾಗಿ ಹೇಳಲು ಮನಸ್ಸು ಒಪ್ಪುವುದಿಲ್ಲ. ತಾನೇ ನೀರು ತುಂಬುವ ಫ್ಲೋಟ್ ಸ್ವಿಚ್ ಶಂಖದಹುಳುವಿನಿಂದಲೋ ಪಾಚಿಯಿಂದಲೋ ಸಿಕ್ಕಿಕೊಂಡು ಒಂದು ಲೀಟರ್ ಒಮ್ಮೆಲೇ ಸುರಿದರೆ, 33 ಲೀಟರಿನಲ್ಲಿ 3.5 ಡಿಕೆಎಚ್ ಜಿಗಿದು ಪಿಎಚ್ 9 ದಾಟುತ್ತದೆ. ತೊಟ್ಟಿ ಹಾಲಿನಂತಾಗುತ್ತದೆ. ದೊಡ್ಡ ತೊಟ್ಟಿ ತಾಳಿಕೊಳ್ಳುವ ತಪ್ಪನ್ನು ಇದು ತಾಳದು. ಬಳಸುವುದಾದರೆ ಪಾತ್ರೆಯಲ್ಲಿ ಆ ರಾತ್ರಿಗೆ ಬೇಕಾದಷ್ಟೇ ತಿಳಿ ಇಡಿ.

ಒಂದೇ ಬಾಟಲಿ

ಇವುಗಳಲ್ಲಿ ಹಲವು ಕ್ಯಾಲ್ಸಿಯಂ ಫಾರ್ಮೇಟ್ ಆಧಾರಿತ. ಬ್ಯಾಕ್ಟೀರಿಯಾ ಫಾರ್ಮೇಟನ್ನು ತಿಂದ ಮೇಲಷ್ಟೇ ಅದು ಬೈಕಾರ್ಬೊನೇಟ್ ಆಗುತ್ತದೆ. ಹಾಗಾಗಿ ಹಾಕಿದ ಗಂಟೆಯಲ್ಲಿ ಅಳೆದರೆ ಏನೂ ಏರಿರುವುದಿಲ್ಲ. ಸಾಲಲಿಲ್ಲವೆಂದು ಮತ್ತೆ ಸುರಿದವರಿಗೆ ಮುಂದಿನ ದಿನಗಳಲ್ಲಿ ಮಿತಿಮೀರಿದ ಅಂಕಿ ಕಾಣುತ್ತದೆ. ಈ ಕೆಲಸಕ್ಕೆ ಆಮ್ಲಜನಕವೂ ಬೇಕು, ಮೇಲ್ಮೈ ಕದಡುತ್ತಿರಲಿ. ಬ್ಯಾಕ್ಟೀರಿಯಾ ಇನ್ನೂ ನೆಲೆಯೂರದ ತೊಟ್ಟಿಗೆ ಹೊಂದದು, ಇಳಿದುಹೋದ ಆಲ್ಕಲಿನಿಟಿಯನ್ನು ಎತ್ತಲೂ ಒದಗದು. ಪಳಗಿದ ತೊಟ್ಟಿಯಲ್ಲಿ ದಿನಕ್ಕೊಂದೇ ಅಳತೆ ಎಂಬ ಅನುಕೂಲ ದೊಡ್ಡದು.

ಯಾವಾಗ ಯಾವುದು

ವಾರದ ಖರ್ಚು 0.3ರ ಒಳಗಿದ್ದರೆ 20 ಶೇಕಡಾ ನೀರು ಬದಲಾವಣೆ ಸಾಕು. ಅದನ್ನು ಮೀರಿದ ಕೂಡಲೇ ಎರಡು ದ್ರಾವಣ. 33 ಲೀಟರಿಗೆ ನಮ್ಮ ಮತ ಬಹುಕಾಲ ಇದಕ್ಕೇ. ಯಾವುದನ್ನು ಹಿಡಿದರೂ ಮೆಗ್ನೀಸಿಯಂ 1200ಕ್ಕೆ ಇಳಿದಿದ್ದರೆ ಮೊದಲು ಅದನ್ನು ಸರಿಪಡಿಸಿ, ಇಲ್ಲವಾದರೆ ಆಲ್ಕಲಿನಿಟಿ ನಿಲ್ಲದೆ ಹರಳಾಗಿ ಉದುರುತ್ತದೆ. 100 ಪಿಪಿಎಂ ಏರಿಸಲು ಮೆಗ್ನೀಸಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್ 27.5 ಗ್ರಾಂ, ಎರಡು ದಿನಕ್ಕೆ ಹಂಚಿ.

ದಿನದ ಖರ್ಚು 1 ಡಿಕೆಎಚ್‌ನ ಹತ್ತಿರ ಬಂದು ಸುಣ್ಣದ ತಿಳಿಗೆ ಹೊರಳುವಾಗ ಎರಡು ದ್ರಾವಣವನ್ನು ಒಂದೇ ದಿನ ನಿಲ್ಲಿಸಬೇಡಿ. ಮೊದಲ ರಾತ್ರಿ 100 ಮಿಲಿ ತಿಳಿ ಹನಿಸಿ. ಅದು 0.35 ಡಿಕೆಎಚ್‌ಗೆ ಸಮ, ಆದ್ದರಿಂದ ತಲಾ 6 ಮಿಲಿ ದ್ರಾವಣ ಕಡಿತ. ಮೂರು ದಿನ ಅಳೆದು ಅಂಕಿ ಅಲುಗದಿದ್ದರೆ ಇನ್ನೊಂದು 100 ಮಿಲಿ.